ತಾವೇ ನಡೆದು ಬಂದವರು: ಅಮೆರಿಕದ ಅಂತರ್ಯುದ್ಧದ ಪಾಠದಲ್ಲಿ ಬಿಟ್ಟುಹೋದವರು

ಪ್ರಶ್ನೆ: ಅಮೆರಿಕದ ಅಂತರ್ಯುದ್ಧ ಎಂದರೆ ಲಿಂಕನ್, ಗೆಟಿಸ್‌ಬರ್ಗ್, ಗುಲಾಮರ ಬಿಡುಗಡೆ. ಡಿಗ್ರಿಯಲ್ಲಿ ನಾವು ಓದಿದ್ದು ಇಷ್ಟೇ. ಇದರಾಚೆ ಯಾರೂ ಹೇಳದೆ ಬಿಟ್ಟದ್ದು ಏನಿದೆ? ಇನ್ನೊಂದು ಮಾತು. ನಮ್ಮಜ್ಜ ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದರು: "ಅಮೇರಿಕಾದಾಗ ಲಡಾಯಿ ನಡದಾಗ ನಮ್ಮ ಹತ್ತಿಗೆ ಬಂಗಾರದ ಬೆಲಿ ಬಂದಿತ್ತಂತ." ಇದರಲ್ಲಿ ನಿಜವೆಷ್ಟು? (ಅಣ್ಣಿಗೇರಿ ಕಡೆಯ ಓದುಗರೊಬ್ಬರು)

ಉತ್ತರ: ನಿಮ್ಮಜ್ಜ ಹೇಳಿದ್ದು ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ದೊಡ್ಡ ಪ್ರಶ್ನೆ.

ಈ ಯುದ್ಧವನ್ನು ನಾನೂ ಬಹಳ ವರ್ಷ ಇಬ್ಬರು ಸೇನಾಪತಿಗಳ ಚದುರಂಗದ ಹಾಗೆಯೇ ಪಾಠ ಮಾಡಿದೆ. ಉತ್ತರದ ಕಡೆ ಗ್ರಾಂಟ್, ದಕ್ಷಿಣದ ಕಡೆ ಲೀ, ಮೇಲೆ ಕೂತು ನೋಡುವ ಲಿಂಕನ್. ಹಾಗೆ ಹೇಳಿದಾಗ ಗುಲಾಮರು ಕಥೆಯ ಕೊನೆಯಲ್ಲಿ ಮಾತ್ರ ಬರುತ್ತಾರೆ, ಅದೂ ಯಾರೋ ಕೊಟ್ಟ ಬಿಡುಗಡೆಯನ್ನು ಕೈಚಾಚಿ ಪಡೆಯುವುದಕ್ಕೆ. ಆದರೆ ಆ ಕಾಲದ ಕಾಗದಪತ್ರಗಳಲ್ಲಿ ಕಾಣುವ ಕ್ರಮವೇ ಬೇರೆ. ಗುಲಾಮರು ಮೊದಲು ನಡೆದು ಬಂದರು. ಕಾನೂನು ಅವರ ಹಿಂದೆ ಬಂತು. ಈ ಯುದ್ಧದ ಬಗ್ಗೆ ಯಾರೂ ಹೇಳದೆ ಬಿಟ್ಟ ಸಂಗತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದು ಎಂದು ನಾನು ನಂಬುತ್ತೇನೆ.

1861ರ ಏಪ್ರಿಲ್ 12ರಂದು ಫೋರ್ಟ್ ಸಮ್ಟರ್ ಕೋಟೆಯ ಮೇಲೆ, ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟು ಹೊರಬಂದಿದ್ದ ದಕ್ಷಿಣದವರ ತೋಪು ಹಾರಿತು. ಅದಾಗಿ ಆರು ವಾರವೂ ತುಂಬಿರಲಿಲ್ಲ. ಮೇ 23ರ ರಾತ್ರಿ ವರ್ಜೀನಿಯಾದ ಹ್ಯಾಂಪ್ಟನ್ ಬಳಿ ಮೂವರು ಗುಲಾಮರು ಒಂದು ದೋಣಿ ಹಿಡಿದು ಕತ್ತಲಲ್ಲಿ ಹುಟ್ಟು ಹಾಕಿಕೊಂಡು ಮನ್ರೋ ಕೋಟೆಯ ಕಡೆಗೆ ಹೊರಟರು. ಆ ಕೋಟೆ ಒಕ್ಕೂಟ ಸರ್ಕಾರದ, ಅಂದರೆ ಉತ್ತರದವರ, ಕೈಯಲ್ಲೇ ಉಳಿದಿತ್ತು. ಮೂವರ ಹೆಸರು ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ದಕ್ಷಿಣದ ಸೈನ್ಯಕ್ಕಾಗಿ ತೋಪಿನ ಕಟ್ಟೆ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಇನ್ನು ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ನಾರ್ತ್ ಕೆರೊಲೈನಾಗೆ ಹೋಗಬೇಕು ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ಹೋಗುವುದೇ ಆದರೆ ಶತ್ರುವಿನ ಶತ್ರುವಿನ ಹತ್ತಿರ ಹೋಗೋಣ ಎಂದು ತೀರ್ಮಾನಿಸಿದರು.

ಕೋಟೆಯ ಅಧಿಕಾರಿ ಬೆಂಜಮಿನ್ ಬಟ್ಲರ್ ಮ್ಯಾಸಚೂಸೆಟ್ಸ್‌ನ ವಕೀಲ. ಗುಲಾಮಗಿರಿಯನ್ನು ತೊಲಗಿಸಲು ಹೊರಟ ಮನುಷ್ಯನೇನಲ್ಲ. ಮರುದಿನ ಬಿಳಿ ಬಾವುಟ ಹಿಡಿದು ದಕ್ಷಿಣದ ಅಧಿಕಾರಿಯೊಬ್ಬ ಬಂದ. ಓಡಿಬಂದ ಗುಲಾಮರನ್ನು ಒಡೆಯನಿಗೆ ಮರಳಿಸಬೇಕು ಎಂಬ ಕಾನೂನು ಇದೆಯಲ್ಲ, ಒಪ್ಪಿಸಿ ಎಂದ. ಬಟ್ಲರ್ ವಕೀಲನ ಹಾಗೆಯೇ ಉತ್ತರ ಕೊಟ್ಟ: ನಾವು ಬೇರೆ ದೇಶ ಎಂದು ಸಾರಿಕೊಂಡವರು ನೀವೇ. ಬೇರೆ ದೇಶಕ್ಕೆ ನಮ್ಮ ಕಾನೂನು ಅನ್ವಯಿಸುವುದಿಲ್ಲ. ಇವರನ್ನು ಯುದ್ಧದ ಕೆಲಸಕ್ಕೆ ಹಚ್ಚಿದ್ದಿರಿ, ಆದ್ದರಿಂದ ಇವರು ಜಪ್ತಿ ಮಾಡಬಹುದಾದ ಶತ್ರುವಿನ ಮಾಲು. ಮನುಷ್ಯರನ್ನು 'ಮಾಲು' ಎಂದು ಕರೆದೇ ಅವರನ್ನು ಉಳಿಸಿಕೊಂಡ ವಾದ ಅದು. ಓದುವಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಆದರೂ ಅವತ್ತು ಆ ವಾದ ಕೆಲಸ ಮಾಡಿತು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಎರಡು ಮೂರು ದಿನದಲ್ಲಿ ಹೆಂಗಸರು, ಮಕ್ಕಳು, ಮುದುಕರು ಗುಂಪುಗುಂಪಾಗಿ ಕೋಟೆಯ ಬಾಗಿಲಿಗೆ ಬಂದರು. ಕೆಲವೇ ವಾರಗಳಲ್ಲಿ ನೂರಾರು ಜನ ಸೇರಿದರು. 1619ರಲ್ಲಿ ವರ್ಜೀನಿಯಾಕ್ಕೆ ತಂದ ಮೊದಲ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಿದ್ದು ಕೂಡ ಈ ಕೋಟೆ ನಿಂತಿರುವ ನೆಲದ ತುದಿಯಲ್ಲೇ.

ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸಂಸತ್ತು ಜಪ್ತಿ ಕಾಯ್ದೆ ಮಾಡಿ ಬಟ್ಲರನ ವಾದಕ್ಕೆ ಮುದ್ರೆ ಒತ್ತಿತು. ಲಿಂಕನ್ನನ ಬಿಡುಗಡೆಯ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ, ಅಂದರೆ ಆ ದೋಣಿ ಹೊರಟ 19 ತಿಂಗಳ ಮೇಲೆ. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೈನ್ಯದ ಆಸರೆಗೆ ಹೀಗೆ ಬಂದವರು ಸುಮಾರು 5 ಲಕ್ಷ.

ಇದನ್ನು ಬರೀ ಕರುಣೆಯ ಕಥೆ ಎಂದು ಓದಬೇಡಿ, ಯುದ್ಧದ ಲೆಕ್ಕವಾಗಿಯೂ ನೋಡಿ. ದಕ್ಷಿಣದ 11 ರಾಜ್ಯಗಳಲ್ಲಿ ಇದ್ದದ್ದು ಸುಮಾರು 90 ಲಕ್ಷ ಜನ, ಅವರಲ್ಲಿ ಸುಮಾರು 35 ಲಕ್ಷ ಮಂದಿ ಗುಲಾಮರು. ಹೊಲ ಉಳುವವರು, ಕಂದಕ ತೋಡುವವರು, ಕುದುರೆಗೆ ಮೇವು ಹಾಕುವವರು, ಗಾಡಿ ಹೊಡೆಯುವವರು ಅವರೇ. ಬಿಳಿ ಗಂಡಸರಲ್ಲಿ ಅಷ್ಟು ಜನ ಬಂದೂಕು ಹಿಡಿದು ಹೊರಡಲು ಆದದ್ದೇ ಹಿಂದೆ ದುಡಿಯಲು ಈ ಕೈಗಳು ಇದ್ದುದರಿಂದ. ಒಬ್ಬ ಗುಲಾಮ ಓಡಿಹೋದರೆ ದಕ್ಷಿಣಕ್ಕೆ ಒಂದು ಜೊತೆ ಕೈ ಕಡಿಮೆ, ಉತ್ತರಕ್ಕೆ ಒಂದು ಜೊತೆ ಹೆಚ್ಚು. ಅದರ ಜೊತೆಗೆ ಆ ಊರಿನ ಹಾದಿ, ಹೊಳೆ, ಪಹರೆ ಎಲ್ಲ ಬಲ್ಲ ಒಂದು ತಲೆಯೂ ಉತ್ತರಕ್ಕೆ ಸಿಕ್ಕಂತಾಯಿತು.

ರಾಬರ್ಟ್ ಸ್ಮಾಲ್ಸ್ ಹೀಗೆ ಬಂದವನು. ಚಾರ್ಲ್ಸ್‌ಟನ್ ಬಂದರಿನಲ್ಲಿ 'ಪ್ಲಾಂಟರ್' ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ ಗುಲಾಮ. 1862ರ ಮೇ 13ರ ಬೆಳಗಿನ ಜಾವ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಸಂಗಡಿಗರನ್ನೂ ಹೆಂಡತಿ ಮಕ್ಕಳನ್ನೂ ಹತ್ತಿಸಿಕೊಂಡು ಹಡಗು ಬಿಟ್ಟ. ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೆ ಹಾಕಿಕೊಂಡು, ಕೋಟೆ ಕೋಟೆಗೂ ಸಲ್ಲಬೇಕಾದ ಸೀಟಿಯ ಸಂಜ್ಞೆ ಸರಿಯಾಗಿ ಕೊಡುತ್ತ, ಸಮ್ಟರ್ ಕೋಟೆಯ ತೋಪುಗಳ ಕೆಳಗೇ ದಾಟಿದ. ಆಚೆ ಒಕ್ಕೂಟದ ಹಡಗು ಕಂಡ ಕೂಡಲೇ ಬಿಳಿ ಹೊದಿಕೆಯನ್ನು ಬಾವುಟದ ಹಾಗೆ ಏರಿಸಿದ. ಅವನು ತಂದ ಹಡಗಿಗಿಂತ ಬಂದರಿನ ರಕ್ಷಣೆಯ ಬಗ್ಗೆ ಅವನು ಕೊಟ್ಟ ಮಾಹಿತಿಗೇ ನೌಕಾಪಡೆಯಲ್ಲಿ ಬೆಲೆ ಹೆಚ್ಚು ಬಂತು. ಯುದ್ಧ ಮುಗಿದ ಮೇಲೆ ಅವನು ಸಂಸತ್ತಿಗೂ ಆರಿಸಿ ಬಂದ.

ಹ್ಯಾರಿಯೆಟ್ ಟಬ್‌ಮನ್ ಹೆಸರು ನೀವು ಕೇಳಿರಬಹುದು, ಗುಲಾಮರನ್ನು ಗುಟ್ಟಾಗಿ ಉತ್ತರಕ್ಕೆ ಕರೆದೊಯ್ದ ಹೆಂಗಸು ಎಂದು. 1863ರ ಜೂನ್ 2ರಂದು ಸೌತ್ ಕೆರೊಲೈನಾದ ಕೊಂಬಾಹೀ ಹೊಳೆಯಲ್ಲಿ ಆಕೆ ಸೈನ್ಯದ ಹಡಗುಗಳಿಗೇ ದಾರಿ ತೋರಿಸಿದಳು. ಹೊಳೆಯಲ್ಲಿ ಎಲ್ಲೆಲ್ಲಿ ಸಿಡಿಗುಂಡು ಹುದುಗಿಸಿದ್ದಾರೆ ಎಂದು ಅಲ್ಲಿನ ಗುಲಾಮರಿಂದಲೇ ಮೊದಲೇ ತಿಳಿದುಕೊಂಡಿದ್ದಳು. ಒಂದೇ ದಿನದಲ್ಲಿ 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಬೇಹಿನ ಇಡೀ ಜಾಲ ಅವಳದ್ದು. ಆ ಸೇವೆಗೆ ಸಲ್ಲಬೇಕಾದ ಹಣಕ್ಕಾಗಿ ಅವಳು ದಶಕಗಟ್ಟಲೆ ಅರ್ಜಿ ಹಾಕಬೇಕಾಯಿತು.

ಆಮೇಲೆ ಸೈನ್ಯ ಸೇರಿದ ಕಪ್ಪು ಜನ. ಭೂಸೈನ್ಯದಲ್ಲಿ ಸುಮಾರು 1,79,000, ನೌಕಾಪಡೆಯಲ್ಲಿ ಇನ್ನೂ ಸಾವಿರಾರು. ಒಕ್ಕೂಟದ ಸೈನ್ಯದಲ್ಲಿ ಹತ್ತರಲ್ಲಿ ಒಂದು ಪಾಲು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಪಗಾರ. ಇವರಿಗೆ 10, ಅದರಲ್ಲೂ ಬಟ್ಟೆಯ ಹೆಸರಿನಲ್ಲಿ 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ದಳದವರು ಈ ಕಡಿಮೆ ಸಂಬಳವನ್ನು ಮುಟ್ಟುವುದೇ ಇಲ್ಲ ಎಂದರು. ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿ ನೂರಾರು ಜನರನ್ನು ಕಳೆದುಕೊಂಡಾಗಲೂ ಅವರು ಬಿಡಿಗಾಸು ಪಡೆಯದೆ ಹೋರಾಡುತ್ತಿದ್ದರು. ಸಮಾನ ವೇತನದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ.

ಇಲ್ಲಿ ಒಂದು ಘಟನೆಯನ್ನು ನಿಧಾನವಾಗಿ ಹೇಳಬೇಕು. ಏಕೆಂದರೆ ಒಕ್ಕೂಟದ ಕಡೆಯವರು ಎಲ್ಲರೂ ಒಳ್ಳೆಯವರು ಎಂಬ ಚಿತ್ರವೂ ಅಷ್ಟೇ ಸುಳ್ಳು. ಕೆಂಟಕಿ ರಾಜ್ಯ ಒಕ್ಕೂಟದಲ್ಲೇ ಉಳಿದಿತ್ತು, ಹಾಗಾಗಿ ಬಿಡುಗಡೆಯ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. ಅಲ್ಲಿನ ಗುಲಾಮ ಸೈನ್ಯ ಸೇರಿದರೆ ಅವನು ಸ್ವತಂತ್ರ, ಅವನ ಹೆಂಡತಿ ಮಕ್ಕಳು ಮಾತ್ರ ಒಡೆಯನ ಸ್ವತ್ತು. ಒಡೆಯನ ಸೇಡಿಗೆ ಹೆದರಿ ಆ ಸಂಸಾರಗಳು ನೆಲ್ಸನ್ ಶಿಬಿರದ ಸುತ್ತ ಗುಡಿಸಲು ಹಾಕಿಕೊಂಡಿದ್ದವು. 1864ರ ನವೆಂಬರ್ ಕೊನೆಯಲ್ಲಿ, ಕೊರೆಯುವ ಚಳಿಯಲ್ಲಿ, ಶಿಬಿರದ ಅಧಿಕಾರಿ ಸುಮಾರು 400 ಹೆಂಗಸರು ಮಕ್ಕಳನ್ನು ಗಾಡಿಗಳಿಗೆ ಹತ್ತಿಸಿ ಹೊರದಬ್ಬಿಸಿದ. ಗುಡಿಸಲುಗಳನ್ನು ಕೆಡವಿಸಿದ. ಜೋಸೆಫ್ ಮಿಲ್ಲರ್ ಎಂಬ ಸಿಪಾಯಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಉಳಿದಿದೆ. ಅವನ ಮಗನಿಗೆ ಕಾಯಿಲೆಯಿತ್ತು. ಚಳಿಗೆ ಒಡ್ಡಿದರೆ ಮಗು ಸಾಯುತ್ತದೆ ಎಂದು ಅಂಗಲಾಚಿದರೂ ಕೇಳಲಿಲ್ಲ. ರಾತ್ರಿ ಅವನು ಮೈಲಿಗಟ್ಟಲೆ ನಡೆದುಹೋಗಿ ಹುಡುಕಿದ. ಕಟ್ಟಡವೊಂದರಲ್ಲಿ ಹೆಂಡತಿ ಮಕ್ಕಳು ಸಿಕ್ಕರು, ಆ ಮಗ ಆಗಲೇ ಹೋಗಿದ್ದ. ಸಿಪಾಯಿ ಎಂದ ಮೇಲೆ ರಾತ್ರಿಯೇ ಶಿಬಿರಕ್ಕೆ ಮರಳಬೇಕು, ಮರಳಿದ. ಮರುದಿನ ಮತ್ತೆ ನಡೆದುಹೋಗಿ ತಾನೇ ಗುಂಡಿ ತೋಡಿ ಮಗುವನ್ನು ಮಣ್ಣು ಮಾಡಿ ಬಂದ. ಹಾಗೆ ಹೊರಹಾಕಿಸಿಕೊಂಡವರಲ್ಲಿ 102 ಜನ ಸತ್ತರು. ಈ ಹೇಳಿಕೆಗಳು ಪತ್ರಿಕೆಗಳಿಗೆ ಮುಟ್ಟಿ ಗದ್ದಲ ಎದ್ದಿತು. 1865ರ ಮಾರ್ಚ್ 3ರಂದು ಸಂಸತ್ತು ಕಪ್ಪು ಸಿಪಾಯಿಗಳ ಹೆಂಡತಿ ಮಕ್ಕಳನ್ನೂ ಸ್ವತಂತ್ರರೆಂದು ಸಾರಿತು. ಆ ಕಾನೂನಿನ ಹಿಂದೆ ಒಬ್ಬ ತಂದೆಯ ನಡಿಗೆ ಇದೆ ಎಂದು ನಾನು ಪ್ರತಿ ಸಲ ತರಗತಿಯಲ್ಲಿ ಹೇಳುತ್ತಿದ್ದೆ.

ಈಗ ಸಾವಿನ ಲೆಕ್ಕ. ಬಹುಕಾಲ 6,20,000 ಎಂದು ಹೇಳುತ್ತಿದ್ದರು. 2011ರಲ್ಲಿ ಜನಗಣತಿಯ ಅಂಕಿಗಳನ್ನು ಹೊಸದಾಗಿ ತಾಳೆ ನೋಡಿದಾಗ ಸುಮಾರು 7,50,000 ಎಂಬ ಅಂದಾಜು ಬಂತು. ಮೂವರಲ್ಲಿ ಇಬ್ಬರು ಗುಂಡಿಗೆ ಸತ್ತವರಲ್ಲ, ರೋಗಕ್ಕೆ ಸತ್ತವರು. ಭೇದಿ, ಆಮಶಂಕೆ, ವಿಷಮಶೀತಜ್ವರ, ದಡಾರ, ನ್ಯುಮೋನಿಯಾ, ಮಲೇರಿಯಾ. ಹಳ್ಳಿಯಿಂದ ಬಂದ ಹುಡುಗರು ದಡಾರವನ್ನೇ ಕಂಡವರಲ್ಲ. ಸಾವಿರ ಜನ ಒಟ್ಟಿಗೆ ಬಿಡಾರ ಹೂಡಿದ ಕೂಡಲೇ ಯುದ್ಧಕ್ಕೆ ಮೊದಲೇ ದಳದ ಅರ್ಧ ಜನ ಹಾಸಿಗೆ ಹಿಡಿಯುತ್ತಿದ್ದರು. ಶೌಚದ ಗುಂಡಿಗೂ ಕುಡಿಯುವ ನೀರಿಗೂ ನಡುವೆ ಅಂತರವಿಲ್ಲದ ಬಿಡಾರಗಳವು. ಮಲೇರಿಯಾದ ಔಷಧಿ ಕ್ವಿನೈನ್ ಉತ್ತರದಲ್ಲಿ ಹೇರಳ. ಬಂದರುಗಳನ್ನು ನೌಕಾಪಡೆ ಮುಚ್ಚಿದ್ದರಿಂದ ದಕ್ಷಿಣದವರು ತೊಗಟೆಯ ಕಷಾಯಕ್ಕೆ ಇಳಿದರು. ಬಿಡುಗಡೆಯಾದವರ ಶಿಬಿರಗಳಲ್ಲಿ ಸಿಡುಬು ಎದ್ದಾಗ ಲಕ್ಷ್ಯ ಕೊಟ್ಟವರು ಕಡಿಮೆ. ಅಲ್ಲಿ ಸತ್ತವರು ಈ ಮೇಲಿನ ಯಾವ ಅಂಕಿಯಲ್ಲೂ ಇಲ್ಲ, ಏಕೆಂದರೆ ಅವರು ಸಿಪಾಯಿಗಳಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದುತ್ತೇನೆ. ಹಲ್ಲಿನ ನಡುವೆ ಗುಂಡು ಕಚ್ಚಿಸಿ ಕೈಕಾಲು ಕತ್ತರಿಸುತ್ತಿದ್ದರು ಎಂಬ ಚಿತ್ರ ಜನರ ತಲೆಯಲ್ಲಿದೆ. ನಿಜಕ್ಕೆ ಬಹುತೇಕ ಶಸ್ತ್ರಚಿಕಿತ್ಸೆಗಳಲ್ಲಿ ಕ್ಲೋರೋಫಾರ್ಮ್ ಅಥವಾ ಈಥರ್ ಕೊಡುತ್ತಿದ್ದರು. ಕೈಕಾಲು ತೆಗೆಯುತ್ತಿದ್ದದ್ದು ಕ್ರೌರ್ಯದಿಂದಲ್ಲ. ಮೀನೀ ಎಂಬ ಹೊಸ ಮಾದರಿಯ ಮೆತ್ತನೆಯ ಸೀಸದ ಗುಂಡು ಎಲುಬನ್ನು ನುಚ್ಚು ಮಾಡುತ್ತಿತ್ತು, ಹಾಗೇ ಬಿಟ್ಟರೆ ಕೊಳೆತು ಸಾಯುವುದು ಖಚಿತವಾಗಿತ್ತು. ಜೊನಾಥನ್ ಲೆಟರ್‌ಮನ್ ಎಂಬ ವೈದ್ಯ 1862ರಲ್ಲಿ ಗಾಯಾಳುಗಳನ್ನು ಸಾಗಿಸಲೆಂದೇ ಬೇರೆ ಗಾಡಿ, ಬೇರೆ ಆಳು, ರಣರಂಗದ ಹತ್ತಿರ ಮೊದಲ ಆರೈಕೆ, ಹಿಂದೆ ದೊಡ್ಡ ಆಸ್ಪತ್ರೆ ಎಂದು ವ್ಯವಸ್ಥೆ ಮಾಡಿದ. ಅದೇ ವರ್ಷ ಆಗಸ್ಟಿನ ಬುಲ್ ರನ್ ಕದನದಲ್ಲಿ ಗಾಯಗೊಂಡವರು ದಿನಗಟ್ಟಲೆ ಬಯಲಲ್ಲೇ ಬಿದ್ದಿದ್ದರು. ಮುಂದಿನ ತಿಂಗಳು ಆಂಟೀಟಮ್‌ನಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಆದರೆ ಒಕ್ಕೂಟದ ಗಾಯಾಳುಗಳನ್ನು ಈ ಸಲ ಒಂದು ದಿನದೊಳಗೆ ಬಯಲಿನಿಂದ ಎತ್ತಿದರು. ಇಂದು ನಮ್ಮ ರಸ್ತೆಯಲ್ಲಿ ಓಡುವ ಆಂಬ್ಯುಲೆನ್ಸ್ ವ್ಯವಸ್ಥೆಗೆ ಆ ಕಡೆಯ ನೆಂಟಸ್ತಿಕೆ ಇದೆ.

ಯುದ್ಧ ಎಂದರೆ ಸಾಮಾನು. ಇದನ್ನು ಉಪ್ಪಿನಿಂದ ಶುರು ಮಾಡಬೇಕು. ಫ್ರಿಜ್ ಇಲ್ಲದ ಕಾಲ, ಹಂದಿಮಾಂಸ ಉಪ್ಪು ಹಾಕದಿದ್ದರೆ ಉಳಿಯುವುದಿಲ್ಲ. ಮಾಂಸ ಉಳಿಯದಿದ್ದರೆ ಸೈನ್ಯ ಉಣ್ಣುವುದಿಲ್ಲ. ದಕ್ಷಿಣದವರು ಉಪ್ಪನ್ನು ಹೊರಗಿನಿಂದ ತರಿಸುತ್ತಿದ್ದರು, ಬಂದರು ಮುಚ್ಚಿತು. ಹೆಂಗಸರು ಮಾಂಸ ಹೊಗೆ ಹಾಕುವ ಕೋಣೆಯ ನೆಲದ ಮಣ್ಣನ್ನು ಅಗೆದು, ನೀರಲ್ಲಿ ಕಲಸಿ ಸೋಸಿ, ಕುದಿಸಿ, ವರ್ಷಗಟ್ಟಲೆ ಹಿಂದೆ ತೊಟ್ಟಿಕ್ಕಿದ್ದ ಉಪ್ಪನ್ನು ಮರಳಿ ಪಡೆಯುತ್ತಿದ್ದರು. ವರ್ಜೀನಿಯಾದ ಸಾಲ್ಟ್‌ವಿಲ್ ಎಂಬ ಉಪ್ಪಿನ ಊರಿಗಾಗಿಯೇ 1864ರ ಅಕ್ಟೋಬರ್‌ನಲ್ಲಿ ಕದನ ನಡೆಯಿತು. ಅದರ ಮರುದಿನ ಗಾಯಗೊಂಡು ಬಿದ್ದಿದ್ದ ಕಪ್ಪು ಸಿಪಾಯಿಗಳನ್ನು ಹುಡುಕಿ ಕೊಂದರು. ಕಾಫಿಯ ಬದಲು ಹುರಿದ ಬೆಂಡೆಬೀಜ, ಗೆಣಸು, ಓಕ್ ಮರದ ಕಾಯಿ ಕುದಿಸಿ ಕುಡಿದರು.

ಇನ್ನು ಪೆಟ್ಲುಪ್ಪು. ಅದಿಲ್ಲದೆ ಮದ್ದಿಲ್ಲ, ಮದ್ದಿಲ್ಲದೆ ಬಂದೂಕಿಲ್ಲ. ಒಕ್ಕೂಟದ ಸೈನ್ಯಕ್ಕೆ ಬೇಕಾದ ಪೆಟ್ಲುಪ್ಪು ಬರುತ್ತಿದ್ದದ್ದು ನಮ್ಮ ಬಿಹಾರದಿಂದ, ಬ್ರಿಟಿಷರ ಕೈಯ ಮೂಲಕ. 1861ರ ನವೆಂಬರ್‌ನಲ್ಲಿ ಡ್ಯೂಪಾಂಟ್ ಮದ್ದಿನ ಕಂಪನಿಯ ಲಾಮೊಟ್ ಡ್ಯೂಪಾಂಟ್ ಲಂಡನ್ನಿಗೆ ಹೋಗಿ ಸಿಕ್ಕಷ್ಟನ್ನೆಲ್ಲ ಕೊಂಡ. ಅದೇ ಹೊತ್ತಿಗೆ ಬ್ರಿಟಿಷ್ ಹಡಗೊಂದರಿಂದ ದಕ್ಷಿಣದ ರಾಯಭಾರಿಗಳನ್ನು ಒಕ್ಕೂಟದವರು ಎಳೆದು ಹಿಡಿದ ಪ್ರಕರಣ ಭುಗಿಲೆದ್ದು, ಬ್ರಿಟನ್ ಆ ಸರಕನ್ನು ತಡೆಹಿಡಿಯಿತು. ಲಿಂಕನ್ ಸರ್ಕಾರ ಬಂದಿಗಳನ್ನು ಬಿಟ್ಟುಕೊಟ್ಟಿತು, ಪೆಟ್ಲುಪ್ಪು ಹಡಗು ಹತ್ತಿತು. ದಕ್ಷಿಣದವರು ಗುಹೆಗಳ ಮಣ್ಣು ಕೆರೆದು, ಹಟ್ಟಿಯ ಗಂಜಲದ ಗುಂಡಿ ಮಾಡಿ ಅದನ್ನೇ ತಯಾರಿಸಬೇಕಾಯಿತು. ಇನ್ನೂ ಒಂದು ನಂಟು ಇದೆ. ಎರಡೂ ಕಡೆಯವರು ಲಕ್ಷಗಟ್ಟಲೆ ತರಿಸಿಕೊಂಡ ಬಂದೂಕು ಬ್ರಿಟನ್ನಿನ ಎನ್‌ಫೀಲ್ಡ್. ನಮ್ಮಲ್ಲಿ 1857ರಲ್ಲಿ ಕೊಬ್ಬು ಸವರಿದ ತೋಟೆಯ ಸುದ್ದಿಗೆ ಕಾರಣವಾದ ಅದೇ 1853ರ ಮಾದರಿ.

ಹಸಿವು ಬೀದಿಗೆ ಬಂದದ್ದು 1863ರ ಏಪ್ರಿಲ್ 2ರಂದು, ದಕ್ಷಿಣದ ರಾಜಧಾನಿ ರಿಚ್‌ಮಂಡ್‌ನಲ್ಲೇ. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರು ಕೊಡಲಿ ಹಿಡಿದು ರೊಟ್ಟಿ ರೊಟ್ಟಿ ಎನ್ನುತ್ತ ಅಂಗಡಿಗಳನ್ನು ಒಡೆದರು. ಅಧ್ಯಕ್ಷ ಜೆಫರ್ಸನ್ ಡೇವಿಸ್ ಗಾಡಿ ಹತ್ತಿ ನಿಂತು ಜೇಬಿನ ನಾಣ್ಯ ಎರಚಿದ, ಆಮೇಲೆ ಚದುರದಿದ್ದರೆ ಗುಂಡು ಹಾರಿಸುತ್ತೇವೆ ಎಂದ. ಆ ವಸಂತದಲ್ಲಿ ದಕ್ಷಿಣದ ಬೇರೆ ಊರುಗಳಲ್ಲೂ ಹೀಗೆಯೇ ಆಯಿತು. ಅದಕ್ಕೆ ಹಿಂದಿನ ಅಕ್ಟೋಬರ್‌ನಲ್ಲಿ ದಕ್ಷಿಣದ ಸಂಸತ್ತು 20 ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ಸೈನ್ಯದಿಂದ ವಿನಾಯಿತಿ ಕೊಟ್ಟಿತ್ತು. ಧಣಿ ಮನೆಯಲ್ಲಿ, ಬಡವಿಯ ಗಂಡ ರಣದಲ್ಲಿ ಎಂದು ಹೆಂಗಸರು ಪತ್ರ ಬರೆದರು. ಆ ಪತ್ರ ಓದಿದ ಗಂಡಂದಿರು ಸೈನ್ಯ ಬಿಟ್ಟು ಮನೆಯ ದಾರಿ ಹಿಡಿದರು. ಮಿಸಿಸಿಪ್ಪಿಯ ಜೋನ್ಸ್ ಕೌಂಟಿಯಲ್ಲಿ ಹಾಗೆ ಬಿಟ್ಟುಬಂದವರು ಗುಂಪು ಕಟ್ಟಿ ತಮ್ಮದೇ ಸರ್ಕಾರದ ವಿರುದ್ಧ ಬಂದೂಕು ಎತ್ತಿದರು.

ಉತ್ತರದಲ್ಲೂ ಇದೇ ಬಿರುಕು. 300 ಡಾಲರ್ ಕಟ್ಟಿದರೆ ಕಡ್ಡಾಯ ಸೇವೆಯಿಂದ ಬಿಡುಗಡೆ ಎಂಬ ಕಾನೂನು ಬಂದಾಗ 1863ರ ಜುಲೈಯಲ್ಲಿ ನ್ಯೂಯಾರ್ಕ್‌ನಲ್ಲಿ ನಾಲ್ಕು ದಿನ ದಂಗೆ ಎದ್ದಿತು. ಸಿಟ್ಟು ಶ್ರೀಮಂತರ ಮೇಲಿದ್ದರೂ ಏಟು ಬಿದ್ದದ್ದು ಕಪ್ಪು ಜನರ ಮೇಲೆ. ಕಪ್ಪು ಮಕ್ಕಳ ಅನಾಥಾಲಯಕ್ಕೇ ಬೆಂಕಿ ಇಟ್ಟರು. 200ಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಗಿಲಿನಿಂದ ಪಾರು ಮಾಡಿದರು.

ಮೂಲನಿವಾಸಿಗಳ ಪಾಲಿಗೆ ಇದು ಬೇರೆಯದೇ ಯುದ್ಧ. ಮಿನೆಸೋಟಾದಲ್ಲಿ ಡಕೋಟಾ ಜನರಿಗೆ ಒಪ್ಪಂದದಂತೆ ಸಲ್ಲಬೇಕಾದ ಹಣ 1862ರಲ್ಲಿ ತಡವಾಯಿತು, ಹಸಿವಿನಿಂದ ಅವರು ದಂಗೆಯೆದ್ದರು. ಡಿಸೆಂಬರ್ 26ರಂದು ಮ್ಯಾನ್‌ಕಾಟೊದಲ್ಲಿ 38 ಜನರನ್ನು ಒಂದೇ ಗಲ್ಲುಕಟ್ಟೆಯಲ್ಲಿ ತೂಗುಹಾಕಿದರು. ಆ ಪಟ್ಟಿಗೆ ಸಹಿ ಹಾಕಿದವನು ಲಿಂಕನ್. ಅವರನ್ನು ಗಲ್ಲಿಗೇರಿಸಿದ ದಿನಕ್ಕೆ ಬಿಡುಗಡೆಯ ಘೋಷಣೆ ಜಾರಿಯಾಗಲು ಆರು ದಿನ ಉಳಿದಿತ್ತು. 303 ಜನರಿಗೆ ವಿಧಿಸಿದ್ದ ಮರಣದಂಡನೆಯನ್ನು ಅವನೇ ಅಷ್ಟಕ್ಕೆ ಇಳಿಸಿದ್ದು ಎಂಬುದನ್ನೂ ಹೇಳಬೇಕು.

ಈಗ ನಿಮ್ಮಜ್ಜನ ಹತ್ತಿ.

ಯುದ್ಧಕ್ಕೆ ಮೊದಲು ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣದಿಂದ, ಅಂದರೆ ಗುಲಾಮರು ಬಿಡಿಸಿದ ಹತ್ತಿ. ನಮ್ಮ ಹತ್ತಿ ನಿಂತರೆ ಬ್ರಿಟನ್ ಮಂಡಿಯೂರುತ್ತದೆ ಎಂದು ನಂಬಿದ ದಕ್ಷಿಣದವರು ಮೊದಲ ವರ್ಷ ತಾವೇ ಹತ್ತಿ ಕಳಿಸುವುದನ್ನು ತಡೆದರು. ಆಮೇಲೆ ಕಳಿಸಬೇಕೆಂದರೂ ದಿಗ್ಬಂಧನ ಬಿಡಲಿಲ್ಲ. 1862ರ ಕೊನೆಗೆ ಲ್ಯಾಂಕಶೈರ್‌ನಲ್ಲಿ ಗಿರಣಿಗಳು ಮುಚ್ಚಿ, ಹತ್ತಿರ ಹತ್ತಿರ 5 ಲಕ್ಷ ಜನ ಗಂಜಿಯ ನೆರವಿನ ಮೇಲೆ ಬದುಕುತ್ತಿದ್ದರು. ಅಂಥ ಹೊತ್ತಿನಲ್ಲಿ, ಡಿಸೆಂಬರ್ 31ರಂದು, ಮ್ಯಾಂಚೆಸ್ಟರ್‌ನ ಕೆಲಸಗಾರರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಹೊಟ್ಟೆಗಿಲ್ಲದವರು ಬರೆದ ಆ ಪತ್ರಕ್ಕೆ ಲಿಂಕನ್ ಜನವರಿ 19ರಂದು ಉತ್ತರಿಸಿದ.

ಗಿರಣಿ ಮಾಲೀಕರ ಕಣ್ಣು ಮಾತ್ರ ಆಗಲೇ ಮುಂಬಯಿಯ ಮೇಲೆ ಬಿದ್ದಿತ್ತು. ಕೆಲವೇ ವರ್ಷದಲ್ಲಿ ಅಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡ ಜಿಲ್ಲೆಗೆ ಇದರಲ್ಲಿ ವಿಶೇಷ ಪಾಲು ಸಿಕ್ಕಿತು, ಏಕೆಂದರೆ ಅಮೆರಿಕದ ತಳಿಯನ್ನು ನಮ್ಮ ಎರೆಭೂಮಿ ಆಗಲೇ ಒಪ್ಪಿಕೊಂಡಿತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದಲೇ ಹತ್ತಿ ಬೆಳೆಗಾರರನ್ನು ಕರೆಸಿ, ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ನೋಡಿತ್ತು. ಬೇರೆ ಬಹುತೇಕ ಕಡೆ ಸೋತ ಪ್ರಯೋಗ ಇಲ್ಲಿ ನಿಂತಿತು. ನಮ್ಮ ಜನ ಅದನ್ನು ವಿಲಾಯತಿ ಹತ್ತಿ ಎಂದರು, ಹಳೆಯದು ಜವಾರಿ ಹತ್ತಿಯಾಯಿತು. ವಿಲಾಯತಿ ಹತ್ತಿಯ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ, ಹಳೆಯ ಕಾಲ್ದಿಂಡಿನಲ್ಲಿ ಬಿಡುವುದಿಲ್ಲ. ಹಾಗಾಗಿ ಗರಗಸದ ಹಲ್ಲಿನ ಜಿನ್ನುಗಳು, ಅಂದರೆ ಬೀಜ ಬಿಡಿಸುವ ಯಂತ್ರಗಳು, ಬಂದವು, ಅವನ್ನು ಮಾಡಿ ರಿಪೇರಿ ಮಾಡುವ ಸರ್ಕಾರಿ ಕಾರ್ಖಾನೆ ಧಾರವಾಡದಲ್ಲಿ ಎದ್ದಿತು. ಗದಗ, ಡಂಬಳ, ಅಣ್ಣಿಗೇರಿ, ನವಲಗುಂದದ ಕಡೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಜವಾರಿ ಹತ್ತಿಗೆ ಲಿವರ್‌ಪೂಲ್ ಪೇಟೆಯಲ್ಲಿ 'ಕುಮ್ಟಾ' ಎಂದೇ ಹೆಸರು ಬಿದ್ದದ್ದು ಹಾಗೆ.

ಇಲ್ಲಿಗೇ ನಿಲ್ಲಲಿಲ್ಲ. ಮ್ಯಾಂಚೆಸ್ಟರ್‌ನ ವ್ಯಾಪಾರಿಗಳಿಗೆ ಕಾರವಾರ ಆಳದ ಬಂದರಾಗಿ ಕಂಡಿತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಸರ್ಕಾರದಲ್ಲಿ, ಅದರ ಬಂದರು ಮದ್ರಾಸ್ ಸರ್ಕಾರದಲ್ಲಿ, ರಸ್ತೆ ಯಾರು ಮಾಡಬೇಕು ಎಂದು ಅವರು ಲಂಡನ್ನಿನಲ್ಲಿ ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಉತ್ತರ ಕನ್ನಡದ ಕಡತಗಳು 1956ರವರೆಗೆ ಮುಂಬಯಿಯ ಲೆಕ್ಕದಲ್ಲೇ ಇದ್ದವಲ್ಲ, ಅದರ ಹಿಂದೆ ಅಮೆರಿಕದ ಈ ಹತ್ತಿಯ ಬಿಕ್ಕಟ್ಟಿನ ಕೈವಾಡವೂ ಇದೆ.

1865ರ ವಸಂತದಲ್ಲಿ ಲೀ ಶರಣಾದ ಸುದ್ದಿ ಮುಂಬಯಿಗೆ ಮುಟ್ಟಿತು, ಬೆಲೆ ಕುಸಿಯಿತು. ಹತ್ತಿಯ ಹಣದಲ್ಲಿ ಹುಟ್ಟಿದ್ದ ಕಂಪನಿಗಳು ಆ ಜುಲೈ 1ರ ವಾಯಿದೆ ತೀರಿಸಲಾಗದೆ ಮುಳುಗಿದವು. ಪ್ರೇಮ್‌ಚಂದ್ ರಾಯ್‌ಚಂದ್‌ನಂಥ ಹತ್ತಿಯ ದೊರೆಯೇ ದಿವಾಳಿಯಾದ. ಮುಂಬಯಿಯ ಪತನವನ್ನು ಎಲ್ಲರೂ ಬರೆದಿದ್ದಾರೆ, ರೈತನದನ್ನು ಬರೆದವರು ಕಡಿಮೆ. ಬೆಲೆ ಏರಿದಾಗ ಸಾಹುಕಾರ ಕೈಬಿಚ್ಚಿ ಸಾಲ ಕೊಟ್ಟಿದ್ದ. ಬೆಲೆ ಇಳಿದಾಗ ಬಡ್ಡಿ ಇಳಿಯಲಿಲ್ಲ. ಮುಂಬಯಿ ಸೀಮೆಯಲ್ಲಿ ಬೆಳೆದ ಈ ಸಾಲದ ಹೊರೆಯೇ 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಡಲು ಒಂದು ಕಾರಣವಾಯಿತು. ಮರುವರ್ಷ ಮಳೆ ಹೋಗಿ 1876-78ರ ಬರ ಬಂತು. ಧಾರವಾಡ, ಬಿಜಾಪುರ, ಬಳ್ಳಾರಿಯ ಎರೆನಾಡಿನ ಮನೆಮನೆಯಲ್ಲಿ ಜನ ಸತ್ತರು. ಬಂಗಾರದ ಬೆಲೆಯನ್ನು ನೆನೆಸಿಕೊಂಡ ನಿಮ್ಮ ಹಿರಿಯರು ಈ ಬರವನ್ನೂ ಕಂಡವರೇ ಆಗಿರಬೇಕು. ಅಜ್ಜನ ಮಾತಿನ ಮುಂದಿನ ಭಾಗ ಮನೆಯಲ್ಲಿ ಇನ್ನಾರಿಗಾದರೂ ನೆನಪಿದ್ದರೆ ಈಗಲೇ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಯುದ್ಧ ಮುಗಿದ ಮೇಲಿನದು. ಅದೂ ಯುದ್ಧದ ಭಾಗವೇ.

ಆಗ ಸಿಪಾಯಿಗಳ ಕೊರಳಿಗೆ ಗುರುತಿನ ಬಿಲ್ಲೆ ಇರಲಿಲ್ಲ. ದೊಡ್ಡ ಕದನಕ್ಕೆ ಮೊದಲು ಚೀಟಿಯಲ್ಲಿ ಹೆಸರು ಬರೆದು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದರು. ಜಾರ್ಜಿಯಾದ ಆ್ಯಂಡರ್ಸನ್‌ವಿಲ್ ಸೆರೆಬಯಲಿನಲ್ಲಿ 14 ತಿಂಗಳಲ್ಲಿ ಸುಮಾರು 13,000 ಒಕ್ಕೂಟದ ಸಿಪಾಯಿಗಳು ಸತ್ತರು. ಕೈದಿಗಳ ವಿನಿಮಯ ಮುರಿದುಬಿದ್ದದ್ದು ಅಷ್ಟು ಜನ ಅಲ್ಲಿ ಕೊಳೆಯಲು ದೊಡ್ಡ ಕಾರಣ. ಅದು ಮುರಿದದ್ದು ಕಪ್ಪು ಸಿಪಾಯಿಗಳನ್ನು ಯುದ್ಧಕೈದಿಗಳೆಂದು ಒಪ್ಪಲು ದಕ್ಷಿಣದವರು ನಿರಾಕರಿಸಿದ್ದಕ್ಕೆ. ಡೊರೆನ್ಸ್ ಅಟ್‌ವಾಟರ್ ಎಂಬ ಎಳೆಯ ಕೈದಿಗೆ ಸತ್ತವರ ಹೆಸರು ಬರೆಯುವ ಕೆಲಸ ಕೊಟ್ಟಿದ್ದರು. ಅವನು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡು ಹೊರತಂದ. 1865ರ ಬೇಸಿಗೆಯಲ್ಲಿ ಆ ಪಟ್ಟಿ ಹಿಡಿದು ಅವನೂ, ಗಾಯಾಳುಗಳ ಆರೈಕೆಗೆ ಹೆಸರಾಗಿದ್ದ ಕ್ಲಾರಾ ಬಾರ್ಟನ್ನೂ ಅಲ್ಲಿಗೆ ಹೋಗಿ ಸಮಾಧಿ ಸಮಾಧಿಗೂ ಹೆಸರು ಹಾಕಿಸಿದರು. ಮುಂದಿನ ವರ್ಷಗಳಲ್ಲಿ 3 ಲಕ್ಷಕ್ಕೂ ಹೆಚ್ಚು ದೇಹಗಳನ್ನು ಅಗೆದು ರಾಷ್ಟ್ರೀಯ ಸ್ಮಶಾನಗಳಲ್ಲಿ ಮರಳಿ ಹೂಳಿದರು. ಅರ್ಧದ ಹತ್ತಿರ ಜನರಿಗೆ ಹೆಸರು ಸಿಗಲಿಲ್ಲ. ಆ ಅಗೆಯುವ ಕೆಲಸದ ದೊಡ್ಡ ಪಾಲನ್ನು ಮಾಡಿದವರು ಕಪ್ಪು ಸಿಪಾಯಿಗಳು.

ಚಾರ್ಲ್ಸ್‌ಟನ್‌ನ ಕುದುರೆ ಜೂಜಿನ ಬಯಲಿನಲ್ಲೂ ಒಂದು ಸೆರೆ ಇತ್ತು. ಅಲ್ಲಿ ಸತ್ತ 257 ಸಿಪಾಯಿಗಳನ್ನು ಗುಂಡಿಗೆ ಎಸೆದಿದ್ದರು. ಒಕ್ಕೂಟದ ಸೈನ್ಯ ಊರಿಗೆ ಬಂದ ಮೇಲೆ, ಬಿಡುಗಡೆಯಾದ ಕಪ್ಪು ಜನರೇ ಒಬ್ಬೊಬ್ಬರನ್ನೂ ತೆಗೆದು ಸಾಲಾಗಿ ಮಣ್ಣು ಮಾಡಿ ಸುತ್ತ ಬೇಲಿ ಕಟ್ಟಿದರು. 1865ರ ಮೇ 1ರಂದು ಸುಮಾರು 10,000 ಜನ, ಮುಂದೆ ಶಾಲೆಯ ಮಕ್ಕಳು, ಕೈಯಲ್ಲಿ ಹೂ ಹಿಡಿದು ಆ ಬಯಲಿಗೆ ಮೆರವಣಿಗೆ ಹೋದರು. ಆಮೇಲೆ ಆ ಜಾಗ ಉದ್ಯಾನವಾಯಿತು, ಅದಕ್ಕೆ ದಕ್ಷಿಣದ ಸೇನಾಪತಿ ವೇಡ್ ಹ್ಯಾಂಪ್ಟನ್ ಹೆಸರಿಟ್ಟರು. ಮೆರವಣಿಗೆ ಮರೆತುಹೋಯಿತು. ದಕ್ಷಿಣದ ಊರುಗಳ ಚೌಕಗಳಲ್ಲಿ ಲೀ ಮತ್ತಿತರರ ಪ್ರತಿಮೆಗಳು ಬಹುಪಾಲು ಎದ್ದದ್ದು ಯುದ್ಧವಾದ ಕೂಡಲೇ ಅಲ್ಲ, 1890ರಿಂದ 1920ರ ದಶಕದವರೆಗೆ. ಕಪ್ಪು ಜನರ ಮತದ ಹಕ್ಕನ್ನು ಕಾನೂನಿನಿಂದಲೇ ಕಸಿದುಕೊಂಡ ಕಾಲ ಅದು. ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಎಂಬ ಮಾತನ್ನು ಪಠ್ಯಪುಸ್ತಕಕ್ಕೆ ತುಂಬಿದ್ದೂ ಆಗಲೇ. 1861ರ ಮಾರ್ಚ್‌ನಲ್ಲಿ ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ತಮ್ಮ ಸರ್ಕಾರದ ಮೂಲೆಗಲ್ಲೇ ಬಿಳಿಯರಿಗೆ ಕಪ್ಪು ಜನ ಸಮರಲ್ಲ ಎಂಬ ಸತ್ಯ ಎಂದು ತುಂಬಿದ ಸಭೆಯಲ್ಲಿ ಹೇಳಿದ್ದ. ಆ ಭಾಷಣವನ್ನು ಒಮ್ಮೆ ಓದಿದ ಮೇಲೆ ರಾಜ್ಯಗಳ ಹಕ್ಕಿನ ವಾದ ನಿಲ್ಲುವುದಿಲ್ಲ.

ನಿಮಗೆ ಸಾಧ್ಯವಾದರೆ ಒಂದನ್ನು ಹುಡುಕಿ ಓದಿ. ಬಿಡುಗಡೆಯಾದವರು ಪತ್ರಿಕೆಗಳಲ್ಲಿ ಹಾಕಿಸಿದ ಸಣ್ಣ ಜಾಹೀರಾತುಗಳು. ಗುಲಾಮಗಿರಿಯ ಕಾಲದಲ್ಲಿ ಮಾರಿಹೋದ ತಾಯಿಯನ್ನು, ಗಂಡನನ್ನು, ಒಡಹುಟ್ಟಿದವರನ್ನು ಹುಡುಕುವ ನಾಲ್ಕೈದು ಸಾಲು. ಕೊನೆಯ ಸಲ ನೋಡಿದ ಊರು ಯಾವುದು, ಆಗಿನ ಒಡೆಯ ಯಾರು, ತನ್ನ ವಯಸ್ಸು ಆಗ ಎಷ್ಟು, ಇಷ್ಟೇ ಸುಳಿವು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆ 1879ರಿಂದ ಇಂಥವಕ್ಕೆಂದೇ ಒಂದು ಅಂಕಣ ಮೀಸಲಿಟ್ಟಿತ್ತು. ಚಂದಾದಾರರಲ್ಲದವರಿಗೆ 50 ಸೆಂಟ್. ಓದು ಬಾರದವರಿಗೂ ಮುಟ್ಟಲಿ ಎಂದು, ಪಾದ್ರಿಗಳು ಇದನ್ನು ಭಾನುವಾರ ವೇದಿಕೆಯ ಮೇಲೆ ಗಟ್ಟಿಯಾಗಿ ಓದಬೇಕು ಎಂದು ಅಂಕಣದ ಮೇಲೆಯೇ ಅಚ್ಚು ಹಾಕುತ್ತಿದ್ದರು. ಯುದ್ಧ ಮುಗಿದು 35 ವರ್ಷ ಕಳೆದ ಮೇಲೂ, ಮುದುಕರಾದ ಮಕ್ಕಳು ಅಲ್ಲಿ ಇನ್ನೂ ಅಮ್ಮನನ್ನು ಹುಡುಕುತ್ತಿದ್ದರು.